ಸೂರಿನ ಸಂದು

ಮನೆ ಎಂದೊಡನೆ ನಮ್ಮ ಮನಸ್ಸಿಗೆ ಬರುವುದು ಬಾಗಿಲು, ಕಿಟಕಿ, ಅಂಗಳ, ತುಳಸಿಕಟ್ಟೆ. ಗೋಡೆ ಮುಗಿದು ಮಾಡು ಆರಂಭವಾಗುವ ಜಾಗ ಯಾರ ಕಣ್ಣಿಗೂ ಬೀಳುವುದಿಲ್ಲ. ಅಲ್ಲಿ ಜೇಡ ಬಲೆ ನೇಯುತ್ತದೆ. ಗುಬ್ಬಚ್ಚಿ ಹುಲ್ಲುಕಡ್ಡಿ ತುರುಕುತ್ತದೆ. ಯುಗಾದಿಗೆ ಮುಂಚೆ ಸುಣ್ಣ ಬಳಿಯುವವನು ಏಣಿ ಹತ್ತಿದಾಗ ಮಾತ್ರ ಮನುಷ್ಯನೊಬ್ಬ ಅದನ್ನು ಹತ್ತಿರದಿಂದ ನೋಡುತ್ತಾನೆ. ಸೂರಿನ ಕೆಳಗಿರುವ ಆ ಸಂದನ್ನು ಕುರಿತು ಈ ಹೊತ್ತು ನಾಲ್ಕು ಮಾತು ಆಡಬೇಕೆಂದಿದ್ದೇನೆ. ನಾನು ಎಂಜಿನಿಯರನಲ್ಲ, ಮೂವತ್ತು ವರ್ಷಕ್ಕೂ ಮೇಲ್ಪಟ್ಟು ದುರ್ಗದ ಮಕ್ಕಳಿಗೆ ಕನ್ನಡ ಪಾಠ ಹೇಳಿದವನು. ಆದರೆ ಅಂಥ ಒಂದು ಸಂದನ್ನು ಮುಂದೆ ನಿಂತು ತಪ್ಪಾಗಿ ಮುಚ್ಚಿಸಿದವನು. ಮಾತನಾಡುವುದಕ್ಕೆ ಅಷ್ಟು ಅಧಿಕಾರ ಸಾಕೆಂದು ತಿಳಿದಿದ್ದೇನೆ.

ನಮ್ಮ ಹಿರಿಯರ ಮನೆ ಇರುವುದು ಚಿತ್ರದುರ್ಗ ತಾಲ್ಲೂಕಿನ ಮದಕರಿಪುರದಲ್ಲಿ. ಅಜ್ಜನ ಕಾಲದಲ್ಲಿ ಅದು ಮಾಳಿಗೆ ಮನೆ. ಎರಡಡಿ ದಪ್ಪದ ಮಣ್ಣಿನ ಗೋಡೆ. ಅದರ ಮೇಲೆ ತೊಲೆ, ತೊಲೆಯ ಮೇಲೆ ಜಂತೆ, ಜಂತೆಯ ಮೇಲೆ ಒತ್ತಾಗಿ ಹಾಸಿದ ಕಡ್ಡಿ ಸೊಪ್ಪು, ಅದರ ಮೇಲೆ ಮಣ್ಣು, ಎಲ್ಲಕ್ಕೂ ಮೇಲೆ ಒಂದು ಪದರ ಕರಲು ಮಣ್ಣು. ಬೆಳೆ ಬಾರದ ಚೌಳು ನೆಲದಿಂದ ತಂದ ಈ ಮಣ್ಣಿನ ಗುಣ ವಿಚಿತ್ರವಾದುದು. ಮೊದಲ ಮಳೆ ಬಿದ್ದೊಡನೆ ಅದರ ಕಣಗಳು ಬಿಡಿಬಿಡಿಯಾಗಿ, ಉಬ್ಬಿ, ಸಣ್ಣ ರಂಧ್ರಗಳನ್ನೆಲ್ಲ ತಾವೇ ತುಂಬಿಕೊಂಡುಬಿಡುತ್ತವೆ. ಆಮೇಲೆ ಬಿದ್ದ ನೀರು ಒಳಗಿಳಿಯದೆ ದೋಣಿಯ ಕಡೆಗೆ ಹರಿಯುತ್ತದೆ. ಪೈರಿಗೆ ಶತ್ರುವಾದ ಗುಣವೇ ಮನೆಗೆ ಮಿತ್ರ. ಅಂಥ ಮನೆಯಲ್ಲಿ ಸೂರಿನ ಸಂದು ಎಂಬ ಮಾತೇ ಇರಲಿಲ್ಲ. ಗೋಡೆಯೂ ಮಣ್ಣು, ಮಾಡೂ ಮಣ್ಣು. ಮಾಡು ತನ್ನ ಭಾರವನ್ನೆಲ್ಲ ಬಿಟ್ಟು ಗೋಡೆಯ ಮೇಲೆ ಕುಳಿತಿರುತ್ತಿತ್ತು. ಹೊಗೆ ಹೋಗುವುದಕ್ಕೂ ಬೆಳಕು ಬರುವುದಕ್ಕೂ ನಡುವೆ ಒಂದು ಗವಾಕ್ಷಿ. ಮಳೆ ಬಂದರೆ ಅದರ ಮೇಲೊಂದು ಚಪ್ಪಡಿ.

1964ರಲ್ಲಿ ನಮ್ಮ ತಂದೆಯವರು ಆ ಮಾಳಿಗೆಯನ್ನು ಇಳಿಸಿ ಮಂಗಳೂರು ಹೆಂಚು ಹೊದಿಸಿದರು. ಜಂತೆಗಳಿಗೆ ಗೆದ್ದಲು ಹತ್ತಿತ್ತು. ವರ್ಷ ವರ್ಷ ಮಣ್ಣು ಹೊರಿಸುವುದಕ್ಕೆ ಆಳು ಸಿಗುತ್ತಿರಲಿಲ್ಲ. 1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಸುಡತೊಡಗಿದ ಹೆಂಚು ಘಟ್ಟ ಹತ್ತಿ, ಬಯಲುಸೀಮೆಯನ್ನು ದಾಟಿ, ನಮ್ಮ ಮನೆಯ ಮೇಲೆ ಬಂದು ಕೂರುವುದಕ್ಕೆ ಸುಮಾರು ನೂರು ವರ್ಷ ಹಿಡಿಯಿತು. ಹಗುರವಾದ, ಅಚ್ಚುಕಟ್ಟಾದ ಹೆಂಚು. ನಾನಾಗ ಐದಾರು ವರ್ಷದವನು. ಗಾಡಿಯಿಂದ ಇಳಿಸಿದ ಹೆಂಚುಗಳ ಕೆಂಪು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಆದರೆ ಹೆಂಚಿನ ಜೊತೆಗೆ ಸಂದೂ ಬಂತು. ಇಳಿಜಾರಾದ ಮಾಡು ಮಟ್ಟಸವಾದ ಗೋಡೆಯ ಮೇಲೆ ಅಂಟಿ ಕೂರಲಾರದು. ಒಂದು ಪಟ್ಟಿಗೂ ಇನ್ನೊಂದು ಪಟ್ಟಿಗೂ ನಡುವೆ, ಹೆಂಚಿನ ಅಡಿಗೆ, ಗೋಡೆಯ ತಲೆಯ ಮೇಲೆ ಗೇಣಗಲದ ಬಾಯಿಗಳು ಸಾಲಾಗಿ ತೆರೆದುಕೊಂಡವು.

ದುರ್ಗದ ಗಾಳಿಯನ್ನು ಬಲ್ಲವರಿಗೆ ಆ ಬಾಯಿಗಳ ಮಹಿಮೆಯನ್ನು ನಾನು ವರ್ಣಿಸಬೇಕಾಗಿಲ್ಲ. ಈಗ ನಮ್ಮ ಸುತ್ತಿನ ಬೆಟ್ಟಗಳ ನೆತ್ತಿಯ ಮೇಲೆ ಗಾಳಿಯಂತ್ರಗಳು ಸಾಲುಗಟ್ಟಿ ತಿರುಗುತ್ತಿವೆಯಲ್ಲ, ಸುಮ್ಮನೆ ನಿಲ್ಲಿಸಿದವಲ್ಲ ಅವು. ಆಷಾಢ ಹುಟ್ಟಿತೆಂದರೆ ಪಡುವಣದ ಗಾಳಿ ಸಂದಿನಿಂದ ನುಗ್ಗಿ ಉಣ್ಣುವ ತಟ್ಟೆಯ ಮೇಲೆ ಕೆಂಪು ಧೂಳು ಉದುರಿಸುತ್ತಿತ್ತು. ಮಳೆ ಕಡಮೆಯ ನಾಡು ನಮ್ಮದು. ಆದರೆ ಬಂದ ಮಳೆ ನೆಟ್ಟಗೆ ಬರುವುದಿಲ್ಲ, ಎರಚಲಾಗಿ ಬರುತ್ತದೆ. ಗೋಡೆಯ ಒಳಮೈ ಮೇಲೆ ಕಣ್ಣೀರಿನ ಗೆರೆಗಳಂತೆ ಕೆಂಪು ಗೆರೆಗಳು. ಚೇಳು ಇಳಿಯುತ್ತಿದ್ದುದು ಅಲ್ಲಿಂದ. ಕಾರ್ತಿಕದ ಸಂಜೆ ಸೊಳ್ಳೆ ಬರುತ್ತಿದ್ದುದೂ ಬಹುಮಟ್ಟಿಗೆ ಅಲ್ಲಿಂದಲೇ. ಗಾಳಿಗೆ ಇನ್ನೊಂದು ಚಾಳಿಯುಂಟು: ಸಂದಿನಿಂದ ಒಳಹೊಕ್ಕದ್ದು ಹೊರಗೆ ಹೋಗಲು ದಾರಿ ಕಾಣದೆ ಮಾಡನ್ನು ಒಳಗಿನಿಂದ ಮೇಲಕ್ಕೆ ನೂಕುತ್ತದೆ, ಅದೇ ಹೊತ್ತಿಗೆ ಮೇಲೆ ಹಾಯುವ ಗಾಳಿ ಅದನ್ನು ಎಳೆಯುತ್ತದೆ. ನಮ್ಮ ಕಡೆ ಶೀಟು ಹೊದಿಸಿದ ಮನೆಗಳ ಮೇಲೆ ಗುಂಡುಕಲ್ಲು ಹೇರಿರುವುದನ್ನು ನೀವು ನೋಡಿರಬಹುದು. ಅದು ಬಡವರ ಬೋಲ್ಟು ನಟ್ಟು.

2009ರ ಬೇಸಿಗೆಯಲ್ಲಿ ನಾನು ದುರ್ಗದಲ್ಲಿ ಕೆಲಸದಲ್ಲಿದ್ದೆ, ಅವ್ವ ಊರಿನಲ್ಲಿ. ಭಾನುವಾರ ಹೋಗಿ ಬರುತ್ತಿದ್ದೆ. ಅವಳ ಹಾಸಿಗೆಯ ಮೇಲೆ ಒಂದು ದಿನ ಚೇಳು ಬಿತ್ತು. ಅವಳೇನೂ ಗಾಬರಿಯಾಗಲಿಲ್ಲ, ಪೊರಕೆಯಿಂದ ಬಡಿದು ಹೊರಗೆ ಹಾಕಿ, ಮುಂದಿನ ಭಾನುವಾರ ನನಗೆ ಹೇಳಿದಳು. ಗಾಬರಿಯಾದವನು ನಾನು. ಮರುವಾರವೇ ಇಬ್ಬರು ಗಾರೆ ಕೆಲಸದವರನ್ನು ಕರೆದುಕೊಂಡು ಹೋಗಿ, ಇಟ್ಟಿಗೆ ಚೂರು, ಸಿಮೆಂಟು, ಮರಳು ಕಲಸಿ, ಸೂರಿನ ಸಂದನ್ನು ಮನೆಯ ಸುತ್ತಲೂ ಒಂದು ಬೆರಳು ತೂರದಂತೆ ಮುಚ್ಚಿಸಿದೆ. ಹೊರಗಡೆ ನಯವಾಗಿ ಗಿಲಾವು ಮಾಡಿಸಿದೆ. ಮೂರು ದಿನದ ಕೆಲಸ. ಗುಬ್ಬಚ್ಚಿಯ ಗೂಡುಗಳನ್ನು ಬುಟ್ಟಿಯಲ್ಲಿ ತೆಗೆದು ಹಿತ್ತಲಿಗೆ ಸುರಿದರು. ಒಂದರಲ್ಲಿ ಮೊಟ್ಟೆಯಿತ್ತು. ಅವ್ವ ಅದನ್ನು ನೋಡಿದಳು, ಏನೂ ಅನ್ನಲಿಲ್ಲ.

ಆ ಕೆಲಸದಿಂದ ಲಾಭವೇ ಆಗಲಿಲ್ಲವೆಂದು ಹೇಳಿದರೆ ಸುಳ್ಳಾಗುತ್ತದೆ. ಧೂಳು ನಿಂತಿತು, ಚೇಳು ಮತ್ತೆ ಬೀಳಲಿಲ್ಲ, ಸೊಳ್ಳೆ ಕಡಮೆಯಾಯಿತು. ಸೊಳ್ಳೆಯ ವಿಚಾರವನ್ನು ಹಗುರವಾಗಿ ನೋಡಬಾರದು. ವೇದಾವತಿಗೆ ಅಡ್ಡಲಾಗಿ 1898ರಿಂದ 1907ರವರೆಗೆ ಮಾರಿಕಣಿವೆಯ ಕಟ್ಟೆ ಕಟ್ಟಿದರಷ್ಟೆ. ನಾಲೆಯ ನೀರಿನ ಜೊತೆಗೆ ಹಿರಿಯೂರು ಸೀಮೆಯನ್ನು ಮಲೇರಿಯಾವೂ ಕಾಡಿತು. 1920ರ ದಶಕದ ಕೊನೆಗೆ ಮೈಸೂರು ಸರ್ಕಾರ ರಾಕ್‌ಫೆಲರ್ ಪ್ರತಿಷ್ಠಾನದ ನೆರವು ಪಡೆದು ಅಲ್ಲಿ ಅದರ ಅಧ್ಯಯನ ನಡೆಸಬೇಕಾಯಿತು. ಆಫ್ರಿಕದಲ್ಲಿ ಮಲೇರಿಯಾ ಹರಡುವ ಸೊಳ್ಳೆಯ ನಡತೆಯನ್ನು ಬಲ್ಲವರು ಒಂದು ಸ್ವಾರಸ್ಯವಾದ ಸಂಗತಿ ಹೇಳುತ್ತಾರೆ. ಗೋಡೆ ಎದುರಾದಾಗ ಆ ಸೊಳ್ಳೆ ಪಕ್ಕಕ್ಕೆ ತಿರುಗುವುದಿಲ್ಲ, ಮೇಲಕ್ಕೆ ಏರುತ್ತದೆ. ಏರಿ, ಸೂರಿಗೆ ತಲೆ ತಾಗಿ, ಅಲ್ಲಿರುವ ಸಂದಿನಿಂದ ನೆಟ್ಟಗೆ ಒಳಗೆ ಇಳಿಯುತ್ತದೆ. ಪಶ್ಚಿಮ ಆಫ್ರಿಕದ ಗ್ಯಾಂಬಿಯಾ ದೇಶದಲ್ಲಿ ನಡೆಸಿ 2009ರಲ್ಲಿ ಪ್ರಕಟಿಸಿದ ಒಂದು ಪ್ರಯೋಗದಲ್ಲಿ, ಬಾಗಿಲು ಕಿಟಕಿಗೆ ಜಾಲರಿ ಹಾಕಿ ಸೂರಿನ ಸಂದನ್ನು ಮುಚ್ಚಿದ ಮನೆಗಳಲ್ಲೂ, ಸೂರಿನ ಕೆಳಗೆ ಜಾಲರಿಯ ಒಳಮಾಡು ಕಟ್ಟಿದ ಮನೆಗಳಲ್ಲೂ ಸೊಳ್ಳೆಗಳು ಅರ್ಧದಷ್ಟು ಕಡಮೆಯಾದವು. ಮಕ್ಕಳ ರಕ್ತಹೀನತೆಯೂ ತಗ್ಗಿತು. ನಾನು ಸಿಮೆಂಟು ಮೆತ್ತಿಸಿದ್ದೂ 2009ರಲ್ಲೇ. ಅವರು ಬಳಸಿದ್ದರಲ್ಲಿ ಜಾಲರಿಯೂ ಇತ್ತು ಎಂಬುದನ್ನು ಮಾತ್ರ ನಾನು ಬಹಳ ತಡವಾಗಿ ಓದಿದೆ.

ಏಕೆಂದರೆ ಆ ಸಂದಿನಿಂದ ಒಳಗೆ ಬರುತ್ತಿದ್ದುದನ್ನು ಮಾತ್ರ ನಾನು ಲೆಕ್ಕ ಹಾಕಿದ್ದೆ. ಹೊರಗೆ ಹೋಗುತ್ತಿದ್ದುದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಮಾಳಿಗೆ ಹೋದಾಗಲೇ ಗವಾಕ್ಷಿ ಹೋಗಿತ್ತು; ಅಡಿಗೆಮನೆಯ ಹೊಗೆಗೆ ಉಳಿದಿದ್ದ ದಾರಿ ಸೂರಿನ ಸಂದೊಂದೇ. ಮನೆಯಲ್ಲಿ ಗ್ಯಾಸ್ ಒಲೆ ಇತ್ತು. ಅದು ಕಾಫಿಗೆ, ನೆಂಟರು ಬಂದಾಗಿನ ಉಪ್ಪಿಟ್ಟಿಗೆ. ಮುದ್ದೆಯ ಹೆಸರು ಬೇಯುತ್ತಿದ್ದುದು ಸೌದೆಯ ಒಲೆಯ ಮೇಲೆಯೇ. ಸಂದು ಮುಚ್ಚಿಸಿ ಒಂದೆರಡು ತಿಂಗಳಾದ ಮೇಲೆ ಒಂದು ಭಾನುವಾರ ಹೋಗಿ ನೋಡಿದರೆ ಅವ್ವ ಹಿತ್ತಲಿನ ಹುಣಸೆಮರದ ಅಡಿಗೆ ಮೂರು ಕಲ್ಲು ಹೂಡಿಕೊಂಡು ಕುಳಿತಿದ್ದಾಳೆ. ‘ಏನವ್ವ, ಇಲ್ಲಿ?’ ಎಂದೆ. ‘ತಂಪಾಗಿರ್ತೈತೆ ಕಣಪ್ಪ’ ಎಂದಳು. ನಾನು ನಂಬಿದೆ. ಮಳೆ ಬಂದ ದಿನ ಒಳಗೇ ಬೇಯಿಸುತ್ತಿದ್ದಳು; ಆ ದಿನಗಳಲ್ಲಿ ಬಂದ ಕೆಮ್ಮನ್ನು ಶೀತದ ಕೆಮ್ಮೆಂದು ತಿಳಿದು ನಾನು ಔಷಧಿ ತಂದುಕೊಟ್ಟೆ. ಅಡಿಗೆಮನೆಯ ಪಟ್ಟಿಗಳು ಟಾರು ಬಳಿದಂತೆ ಕಪ್ಪಾಗಿದ್ದವು, ಅದನ್ನೂ ನೋಡಿದೆ. ನೋಡುವುದು ಬೇರೆ, ಕಾಣುವುದು ಬೇರೆ. ತಂಪಿನ ಮಾತು ನನ್ನನ್ನು ಸಮಾಧಾನಪಡಿಸಲು ಆಡಿದ್ದೆಂದು ತಿಳಿದದ್ದು ಎಷ್ಟೋ ವರ್ಷಗಳ ಮೇಲೆ, ಅದೂ ಅವಳು ಇನ್ನೊಬ್ಬರೊಡನೆ ಆಡುತ್ತಿದ್ದಾಗ ಕಿವಿಗೆ ಬಿದ್ದು.

ಪರಿಹಾರ ಇರಲಿಲ್ಲವೆಂದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರ ಮುಂದಾಳುತನದಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಎಂಬ ವಿಭಾಗದವರು 1980ರ ದಶಕದ ಆರಂಭದಲ್ಲಿಯೇ ಹೊಗೆಕೊಳವೆಯುಳ್ಳ ಒಲೆಯೊಂದನ್ನು ರೂಪಿಸಿದ್ದರು. ‘ಅಸ್ತ್ರ ಒಲೆ’ ಎಂಬ ಹೆಸರಿನಿಂದ ಅದು ಹಳ್ಳಿಗಳಿಗೆ ಬಂತು. ಸೂರಿನ ಸಂದು ಮುಚ್ಚುವ ಮೊದಲು ಹೊಗೆಗೊಂದು ಕೊಳವೆ ಎಬ್ಬಿಸಬೇಕೆಂಬುದು ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ.

ಎರಡನೆಯ ತಪ್ಪು ಹದಿಮೂರು ವರ್ಷ ಅಡಗಿ ಕುಳಿತಿತ್ತು. ನಾನು ನಿವೃತ್ತನಾಗಿ ಹೆಂಡತಿಯೊಡನೆ ಊರಿಗೆ ಬಂದಿದ್ದೆ. 2022ರ ಮಳೆಗಾಲ ನಿಮಗೆ ನೆನಪಿರಬೇಕು. 1933ರಲ್ಲಿ ಕೋಡಿ ಬಿದ್ದಿದ್ದ ವಾಣಿವಿಲಾಸ ಸಾಗರ ಎಂಬತ್ತೊಂಬತ್ತು ವರ್ಷಗಳ ಮೇಲೆ ಆ ಸಲ ಮತ್ತೆ ಕೋಡಿ ಬಿತ್ತು. ಜನ ಬುತ್ತಿ ಕಟ್ಟಿಕೊಂಡು ನೋಡಲು ಹೋದರು. ಬರದ ನಾಡಿಗೆ ಅದೊಂದು ಹಬ್ಬ. ಮಣ್ಣಿನ ಗೋಡೆಯ ಮನೆಗಳಿಗೆ ಹಬ್ಬವಾಗಿರಲಿಲ್ಲ. ಒಂದು ಸಂಜೆ ಅವ್ವ ಪಡುವಣ ಗೋಡೆಗೆ ಅಂಗೈ ಒತ್ತಿ ನಿಂತಿದ್ದಳು. ‘ಗೋಡೆ ತಣ್ಣಗೈತೆ ನೋಡು’ ಎಂದಳು. ನಾನೂ ಮುಟ್ಟಿದೆ. ತಣ್ಣಗಿತ್ತು. ಮಳೆಗಾಲದಲ್ಲಿ ತಣ್ಣಗಿರದೆ ಇನ್ನೇನು ಎಂದುಕೊಂಡು, ಮಳೆ ನಿಂತ ಮೇಲೆ ಯಾರಿಗಾದರೂ ತೋರಿಸೋಣವೆಂದೆ. ಅವಳು ಮಾತು ಬೆಳೆಸಲಿಲ್ಲ. ತನ್ನ ಚಾಪೆ, ಕಂಬಳಿ ಎತ್ತಿಕೊಂಡು ನಡುಮನೆಯ ಕಂಬದ ಬುಡಕ್ಕೆ ಹಾಸಿಗೆ ಬದಲಾಯಿಸಿದಳು. ಮೂರನೆಯ ರಾತ್ರಿ, ಎರಡು ಗಂಟೆಯ ಹೊತ್ತಿಗೆ, ಆ ಗೋಡೆಯ ತಲೆ ಸುಮಾರು ಆರಡಿ ಉದ್ದಕ್ಕೆ ಕಳಚಿ ಒಳಕ್ಕೆ ಬಿತ್ತು. ಅದರೊಡನೆ ನನ್ನ ಸಿಮೆಂಟಿನ ಗಟ್ಟಿಗಳು, ಹತ್ತಿಪ್ಪತ್ತು ಹೆಂಚು. ದೀಪ ಹಚ್ಚಿ ನೋಡಿದೆವು. ಎಂಬತ್ತನಾಲ್ಕು ವರ್ಷದ ಮುದುಕಿ ಮೂರು ದಿನದ ಹಿಂದೆ ಮಲಗುತ್ತಿದ್ದ ಜಾಗದ ಮೇಲೆ ಮೊಣಕಾಲೆತ್ತರ ಹೆಂಟೆ ಬಿದ್ದಿತ್ತು.

ಬೆಳಗ್ಗೆ ಊರಿನ ಒಬ್ಬ ಹಿರಿಯ ಮೇಸ್ತ್ರಿಯನ್ನು ಕರೆಸಿದೆ. ಅವರು ಮೊದಲು ನೋಡಿದ್ದು ಗೋಡೆಯನ್ನಲ್ಲ. ಕೆಳಗೆ ಬಿದ್ದಿದ್ದ ಸಿಮೆಂಟಿನ ಒಂದು ಗಟ್ಟಿಯನ್ನು. ಅದನ್ನು ಮಗುಚಿ ಅಡಿಮೈ ತೋರಿಸಿದರು. ಗಾಜಿನಂತೆ ನಯವಾಗಿತ್ತು, ಅಲ್ಲಿ ಮಣ್ಣು ಅಂಟಿಯೇ ಇರಲಿಲ್ಲ. ‘ಇದು ಗೋಡೆ ಮೇಲೆ ಕುಂತಿತ್ತು ಅಷ್ಟೇ ಮೇಷ್ಟ್ರೇ, ಹಿಡ್ಕಂಡಿರ್ಲಿಲ್ಲ’ ಎಂದರು. ಆಮೇಲೆ ಅವರು ವಿವರಿಸಿದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ಮಾಡು ಸುಮ್ಮನಿರುವ ವಸ್ತುವಲ್ಲ. ಮಧ್ಯಾಹ್ನ ಕಾದು, ಬೆಳಗಿನ ಜಾವ ತಣಿದು, ಗಾಳಿಗೆ ಅಲುಗಿ, ಮರದ ಪಟ್ಟಿಗಳು ನೆನೆದು ಒಣಗಿ ದಿನವೂ ಒಂದಿಷ್ಟು ಕದಲುತ್ತದೆ. ಮಣ್ಣಿನ ಗೋಡೆಯೂ ತೇವ ಹೀರಿ ಹಿಗ್ಗುತ್ತದೆ, ಬಿಟ್ಟು ಕುಗ್ಗುತ್ತದೆ. ಎರಡರ ನಡುವೆ ಕಲ್ಲಿನಂಥ ಸಿಮೆಂಟನ್ನು ಗಿಡಿದರೆ ಅದು ಎರಡರೊಡನೆಯೂ ಕದಲಲಾರದು. ಕೆಳಗೊಂದು, ಮೇಲೊಂದು ಕೂದಲೆಳೆಯ ಬಿರುಕು ಬಿಡುತ್ತದೆ. ಗೇಣಗಲದ ಸಂದಿನಿಂದ ಬಂದ ಎರಚಲು ಗೋಡೆಯ ಮೈಮೇಲೆ ಇಳಿದು, ಗಾಳಿಗೆ ಒಣಗಿಹೋಗುತ್ತಿತ್ತು. ಕೂದಲೆಳೆಯ ಬಿರುಕಿನಿಂದ ಹೊಕ್ಕ ನೀರು ಒಣಗುವುದಿಲ್ಲ. ಸಿಮೆಂಟು ಅದನ್ನು ಹೊರಗೆ ಬಿಡುವುದಿಲ್ಲ. ಗೋಡೆಯ ನೆತ್ತಿಯೊಳಕ್ಕೆ ಇಳಿದು ಅಲ್ಲೇ ಕೂರುತ್ತದೆ. ಹೊರಗಿನ ನಯವಾದ ಗಿಲಾವು ಅದನ್ನು ನಮ್ಮ ಕಣ್ಣಿಗೆ ಕಾಣದಂತೆ ಮಾಡಿತ್ತು. ಸಣ್ಣ ಮಳೆಯ ವರ್ಷಗಳಲ್ಲಿ ಹೇಗೋ ತಡೆದುಕೊಂಡ ಗೋಡೆ ದೊಡ್ಡ ಮಳೆಯ ವರ್ಷ ಕೈಬಿಟ್ಟಿತು.

ಮಕ್ಕಳಿಗೆ ಮೂವತ್ತು ವರ್ಷ ಸಂಧಿಪ್ರಕರಣ ಪಾಠ ಮಾಡಿದವನು ನಾನು. ‘ಸಂದು’ ಎಂಬುದು ‘ಸಂಧಿ’ಯ ತದ್ಭವವೇ. ಎರಡು ಅಕ್ಷರ ಎದುರಾದಾಗ ಒಂದು ಲೋಪವಾಗಬಹುದು, ನಡುವೆ ಇನ್ನೊಂದು ಆಗಮವಾಗಬಹುದು, ಒಂದರ ಬದಲು ಮತ್ತೊಂದು ಆದೇಶವಾಗಬಹುದು. ಕೆಲವೆಡೆ ಸಂಧಿಯೇ ಆಗದೆ ಎರಡೂ ಇದ್ದಂತೆಯೇ ಇರುತ್ತವೆ, ಅದಕ್ಕೆ ಪ್ರಕೃತಿಭಾವವೆಂದು ಹೆಸರು ಎಂದು ಕರಿಹಲಗೆಯ ಮೇಲೆ ಎಷ್ಟು ಸಲ ಬರೆದಿದ್ದೇನೋ. ಮಣ್ಣಿಗೂ ಸಿಮೆಂಟಿಗೂ ಪ್ರಕೃತಿಭಾವ ಎಂಬುದನ್ನು ಆ ಗಟ್ಟಿಯ ಅಡಿಮೈ ನೋಡಿ ಕಲಿತೆ.

ಪಟ್ಟಣದ ತಾರಸಿ ಮನೆಯಲ್ಲಿರುವ ಶ್ರೋತೃಗಳು ಇದು ತಮಗೆ ಸಂಬಂಧಿಸಿದ್ದಲ್ಲವೆಂದು ತಿಳಿಯಬಾರದು. ನಿಮ್ಮ ಮನೆಯ ಮೇಲಂತಸ್ತಿನಲ್ಲಿ ತಾರಸಿಯೂ ಗೋಡೆಯೂ ಸೇರುವ ಕಡೆ ಅಡ್ಡಲಾಗಿ ಒಂದು ಗೆರೆ ಬಿಟ್ಟಿದೆಯೇ ನೋಡಿ. ಯುಗಾದಿಗೆ ಬಣ್ಣ ಬಳಿಯುವಾಗ ಪುಟ್ಟಿ ತುಂಬಿ ಮುಚ್ಚಿದ್ದು ಮುಂದಿನ ಯುಗಾದಿಗೆ ಮತ್ತೆ ಬಾಯಿ ಬಿಟ್ಟಿರುತ್ತದೆ. ಬಣ್ಣದವನು ಮೋಸ ಮಾಡಿದನೆಂದು ಬೈಯುತ್ತೇವೆ. ಮೂವತ್ತು ಅಡಿ ಉದ್ದದ ಕಾಂಕ್ರೀಟು ತಾರಸಿ 30 ಡಿಗ್ರಿಯಷ್ಟು ಹೆಚ್ಚು ಕಾದರೆ ಹತ್ತಿರ ಹತ್ತಿರ 3 ಮಿಲಿಮೀಟರು ಬೆಳೆಯುತ್ತದೆ, ರಾತ್ರಿ ಮತ್ತೆ ಕುಗ್ಗುತ್ತದೆ. ನೆರಳಿನಲ್ಲಿರುವ ಗೋಡೆ ಅಷ್ಟು ಬೆಳೆಯುವುದಿಲ್ಲ. ಬಲ್ಲವರು ಕಟ್ಟುವಾಗಲೇ ಗೋಡೆಯ ತಲೆಯನ್ನು ನಯವಾಗಿ ಗಾರೆ ಮಾಡಿ, ಮೇಲೆ ಟಾರಿನ ಕಾಗದದಂಥದನ್ನು ಹಾಸಿ, ತಾರಸಿ ಜಾರಾಡಲು ಎಡೆ ಬಿಡುತ್ತಾರೆ. ಹಾಗೆ ಬಿಡದೆ ಕಟ್ಟಿದಲ್ಲಿ ಆಮೇಲೆ ತುಂಬುವ ವಸ್ತುವಾದರೂ ರಬ್ಬರಿನಂತೆ ಎಳೆದರೆ ಬರುವಂಥದ್ದಾಗಿರಬೇಕು. ಈಗ ಡಬ್ಬಿಯಿಂದ ನೊರೆಯಂತೆ ಉಕ್ಕಿ ಗಟ್ಟಿಯಾಗುವ ಫೋಮೂ ಅಂಗಡಿಯಲ್ಲಿ ದೊರೆಯುತ್ತದೆ. ನೋಡಲು ಸೊಗಸು, ಆದರೆ ಬಿಸಿಲು ಬಿದ್ದ ಕಡೆ ಹಳದಿಯಾಗಿ ಪುಡಿಯಾಗುತ್ತದೆ, ಇಲಿಗೆ ಅದನ್ನು ಕಡಿಯುವುದೇನೂ ಕಷ್ಟವಲ್ಲ.

ಗೋಡೆ ಬಿದ್ದ ಕೆಲವು ವಾರಗಳ ಮೇಲೆ ದುರ್ಗದ ಕೋಟೆಯೊಳಕ್ಕೆ ಹೋಗಿದ್ದೆ. ಪಾಳೆಯಗಾರರ ಕಾಲದ ಮಣ್ಣಿನ ಗೋಡೆಗಳು ಅಲ್ಲಿ ಇನ್ನೂ ನಿಂತಿವೆ. ಕೋಟೆ ಹೈದರನ ವಶವಾದದ್ದು 1779ರಲ್ಲಿ. ಆ ಗೋಡೆಗಳ ಮೇಲಿನ ಮಾಡು ಎಂದೋ ಹೋಗಿದೆ. ಬುಡ ಗಟ್ಟಿಯಾಗಿದೆ, ನಡು ಗಟ್ಟಿಯಾಗಿದೆ. ತಲೆ ಮಾತ್ರ ಸವೆದು ಸವೆದು ಕರಗಿದ ಬೆಲ್ಲದ ಅಚ್ಚಿನಂತಾಗಿದೆ. ಎಷ್ಟೋ ಸಲ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗಿ ಇತಿಹಾಸ ಹೇಳಿದ್ದೆ. ಆ ದಿನ ಗೋಡೆಯ ತಲೆಯನ್ನು ಮಾತ್ರ ನೋಡಿ ಬಂದೆ.

ನಮ್ಮ ಗೋಡೆಯನ್ನು ಮೇಸ್ತ್ರಿಗಳು 2023ರ ಬೇಸಿಗೆಯಲ್ಲಿ ಸರಿಪಡಿಸಿದರು. ನೆನೆದು ಸತ್ತ ಮಣ್ಣನ್ನು ಗಟ್ಟಿ ಸಿಗುವವರೆಗೆ ಇಳಿಸಿ, ಅದೇ ಮಣ್ಣನ್ನು ಕುಟ್ಟಿ ಜರಡಿ ಹಿಡಿದು, ಸುಣ್ಣ ಬೆರೆಸಿ, ಹದ ಮಾಡಿ ಮತ್ತೆ ಕಟ್ಟಿದರು. ನೆತ್ತಿಯ ಮೇಲೆ ಉದ್ದಕ್ಕೂ ಒಂದು ಮರದ ತೊಲೆ ಮಲಗಿಸಿದರು. ಪಟ್ಟಿಗಳಿಗೆ ತುಂಡು ಜೋಡಿಸಿ ಸೂರನ್ನು ಒಂದೂವರೆ ಅಡಿ ಮುಂದಕ್ಕೆ ತಂದರು. ಅರ್ಧ ಎರಚಲು ಅದರಿಂದಲೇ ನಿಂತಿತು. ಸಂದನ್ನು ಮುಚ್ಚಿದ್ದು ಸುಣ್ಣ ಮಣ್ಣು ಕಲಸಿದ ತೆಂಗಿನ ನಾರಿನಿಂದ. ನಾರಿಗೆ ನಮ್ಮ ಹೊಸದುರ್ಗ, ಹಿರಿಯೂರಿನ ಕಡೆ ಬರವಿಲ್ಲ. ಮಾಡು ಅಲುಗಿದರೆ ನಾರು ಒಂದಿಷ್ಟು ಒತ್ತಿಕೊಳ್ಳುತ್ತದೆ, ಮತ್ತೆ ಸಡಿಲುತ್ತದೆ. ಹೊರಮೈಯನ್ನು ಹೊರಕ್ಕೆ ಇಳಿಜಾರಾಗಿ ತೀಡಿದರು, ನೀರು ನಿಲ್ಲಬಾರದೆಂದು. ಅಡಿಗೆಮನೆಯ ಮೇಲೆ ಮಾತ್ರ ಸಂದನ್ನು ತುಂಬಲಿಲ್ಲ. ಮರದ ಚೌಕಟ್ಟಿಗೆ ಸೊಳ್ಳೆ ಜಾಲರಿ ಹೊಡೆದು ಕೊಕ್ಕೆಯಲ್ಲಿ ಸಿಕ್ಕಿಸಿದರು. ಅದಕ್ಕೆ ಮಸಿ ಕಟ್ಟುತ್ತದೆ. ತಿಂಗಳಿಗೊಮ್ಮೆ ಬಿಚ್ಚಿ ಸೀಗೆಪುಡಿ ಹಾಕಿ ತೊಳೆಯುವ ಕೆಲಸ ನನ್ನದು. ಜಾಲರಿ ಕಟ್ಟಿದ ಮೇಲೆ ಅವ್ವ ಮತ್ತೆ ಒಳಗೆ ಒಲೆ ಹಚ್ಚಿದಳು. ಹುಣಸೆಮರದ ಅಡಿಯ ಕಲ್ಲುಗಳು ಹಾಗೇ ಇವೆ. ಈಗ ಅಲ್ಲಿ ನೀರು ಕಾಯಿಸುತ್ತಾರೆ.

ಗುಬ್ಬಚ್ಚಿಗಳಿಗೆಂದು ಪಡುವಣ ಮೂಲೆಯಲ್ಲಿ ಎರಡು ಮಡಕೆ ತೂಗುಹಾಕಿದ್ದೇನೆ. ಒಂದರಲ್ಲಿ ಕಣಜದ ಹುಳು ಮನೆ ಮಾಡಿದೆ. ಇನ್ನೊಂದು ಖಾಲಿ.

ಹೋದ ತಿಂಗಳು ಜಾಲರಿ ತೊಳೆಯಲು ಏಣಿ ಹತ್ತಿದಾಗ ಹೊಸ ಗೋಡೆಯೂ ಹಳೆಯ ಗೋಡೆಯೂ ಸೇರುವಲ್ಲಿ ನಾರು ಒಂದು ಗೇಣಿನಷ್ಟು ಸಡಿಲವಾಗಿರುವುದು ಕಾಣಿಸಿತು. ಅವ್ವ ಕೆಳಗೆ ನಿಂತು ಗೋಡೆಗೆ ಅಂಗೈ ಒತ್ತಿ, ‘ಬೆಚ್ಚಗೈತೆ ಬಿಡು’ ಎಂದಳು. ಆದರೂ ಏಣಿ ಇಳಿದವನೇ ಮೇಸ್ತ್ರಿಗಳಿಗೆ ಹೇಳಿಕಳುಹಿಸಿದೆ. ಬರುವ ಗುರುವಾರ ಬರುತ್ತೇನೆಂದಿದ್ದಾರೆ. ಸುಣ್ಣ ನೆನೆಹಾಕಿ ಇಟ್ಟಿದ್ದೇನೆ.